ಅಕ್ಕನಿಂದ ತಮ್ಮನಿಗೆ ಇಳಿದ ಪಾಠ

“ದೇವರಿಗೆ ಲೋಕ ಮಾಡೋಕೆ ಆರು ದಿನ ಬೇಕಾಯ್ತು. ನಾಲ್ಕು ಮಕ್ಕಳ ಇಡೀ ವರ್ಷದ ಪಾಠ ಕತ್ತರಿಸೋಕೆ ನನಗೆ ಒಂದು ಮಧ್ಯಾಹ್ನ ಸಾಕು. ಸತ್ಯವೇದ ಅಂದ್ರೆ ನನಗೆ ನನ್ನ ಜೇಬಿದ್ದ ಹಾಗೆ ಕಣೇ. ಕಣ್ಣು ಮುಚ್ಚಿ ಕೈ ಹಾಕಿದ್ರೂ ಬೇಕಾದ್ದು ಸಿಗುತ್ತೆ.”

ಈ ಮಾತು ಹೇಳುವಾಗ ದರ್ಜಿಯ ತುಟಿಗಳ ನಡುವೆ ಒಂದು ಸಾಲು ಗುಂಡುಸೂಜಿ ಇತ್ತು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಇಷ್ಟು ಜಂಬ ಕೊಚ್ಚುವವನು ಬಾಯಿ ಖಾಲಿಯಿದ್ದಾಗ ಎಷ್ಟು ಕೊಚ್ಚಿಯಾನು! ಅವನು ಹೊಲಿದ ಕೋಟು ತೊಟ್ಟವನೊಬ್ಬ ಬಿರುಗಾಳಿಗೆ ಸಿಕ್ಕಿ ಎರಡು ಬೀದಿ ಆಚೆ ಹಾರಿ ಬಿದ್ದನಂತೆ. ಮೈಯೆಲ್ಲ ನುಗ್ಗಾಗಿದ್ದರೂ ಕೋಟಿನ ಒಂದು ಹೊಲಿಗೆ ಬಿಟ್ಟಿರಲಿಲ್ಲವಂತೆ. ಹಾರಿ ಬಿದ್ದವನನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ.

“ಆ ಜೇಬಿಗೆ ತೂತು ಬಿದ್ದಿದೆಯೋ ಏನೋ, ಒಂದ್ಸಲ ನೋಡ್ಕೊಳ್ರೀ,” ಎಂದಳು ಹೆಂಡತಿ ಒಳಗಿನಿಂದ.

ಆ ಮನೆಯನ್ನು ಈಗ ನೆನೆದರೂ ಮೊದಲು ಮೂಗಿಗೆ ಬರುವುದು ಇಸ್ತ್ರಿಪೆಟ್ಟಿಗೆಯ ವಾಸನೆ. ಬಿಸಿ ಕಬ್ಬಿಣ, ಒದ್ದೆ ಬಟ್ಟೆ, ಮಷಿನ್ನಿನ ಎಣ್ಣೆ ಮೂರೂ ಸೇರಿದ ಒಂದು ಬೆಚ್ಚನೆಯ ವಾಸನೆ. ಮುಂದಿನ ಕೋಣೆಯೇ ಅಂಗಡಿ. ಅದರ ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಮನೆ ಕಟ್ಟಿದ ಮೇಲೆ ಮೇಜು ತಂದರೋ, ಮೇಜು ಇಟ್ಟು ಸುತ್ತ ಮನೆ ಕಟ್ಟಿದರೋ ಎಂದು ಬಂದವರಿಗೆ ಅನುಮಾನ ಬರುವಷ್ಟು ದೊಡ್ಡದು. ಹಿಂದೆ ಅಡುಗೆಮನೆ, ಮೇಲೆ ಮಲಗುವ ಕೋಣೆ. ಇಷ್ಟರಲ್ಲಿ ಗಂಡ, ಹೆಂಡತಿ, ನಾಲ್ಕು ಮಕ್ಕಳು, ಎರಡು ಮಷಿನ್ನು ಮತ್ತು ಊರಿನವರ ಅರೆಬರೆ ಹೊಲಿದ ಪ್ಯಾಂಟುಗಳೆಲ್ಲ ಸಂಸಾರ ಮಾಡುತ್ತಿದ್ದವು.

ಮಕ್ಕಳಲ್ಲಿ ಮೊದಲನೆಯವಳು ದೊಡ್ಡಮ್ಮಣ್ಣಿ. ಮೀಸೆ ಇಲ್ಲದ ಪೊಲೀಸು. ಎರಡನೆಯವನು ಯಾಕಯ್ಯ. ಹುಟ್ಟಿದಾಗ ಅತ್ತದ್ದೂ “ಯಾಕೆ” ಎಂದೇ ಎನ್ನುತ್ತಿದ್ದ ಅಪ್ಪ. ಮೂರನೆಯವಳು ಗುಬ್ಬಿ. ತಿನ್ನುವುದು, ಚಿಲಿಪಿಲಿಗುಟ್ಟುವುದು, ಮತ್ತೆ ತಿನ್ನುವುದು. ಕೊನೆಯವನು ಅಂಗಿಯ ಗುಂಡಿಯ ಹಾಗೆ ದುಂಡಗೆ, ಪುಟ್ಟಗೆ ಇದ್ದನಾದ್ದರಿಂದ ಅವನನ್ನು ಗುಂಡಿ ಎಂದೇ ಕರೆದರು.

ಬೀದಿಯ ಕೊನೆಯಲ್ಲಿದ್ದ ಶಾಲೆ ಆ ವರ್ಷ ಮುಚ್ಚಿತು. ಸುದ್ದಿ ಕೇಳಿದ್ದೇ ತಡ ದರ್ಜಿಯ ಅಕ್ಕ ಬಂದಿಳಿದಳು. ದೂರದ ಬೋರ್ಡಿಂಗ್ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದು ಆಗಷ್ಟೇ ನಿವೃತ್ತಳಾಗಿ, ಅದೇ ಊರಿನ ಆಚೆ ತುದಿಗೆ ಬಂದು ನೆಲೆಸಿದ್ದಳು. ಅವಳು ಕೆಮ್ಮಿದರೆ ಬೀದಿಯಲ್ಲಿ ಹೋಗುವ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು.

“ನಾಲ್ವರಿಗೂ ನನ್ನ ಶಾಲೆಯಲ್ಲಿ ಸೀಟು ಹೇಳಿದೀನಿ. ಟ್ರಂಕು ಕಟ್ಟಿ ಕಳಿಸು,” ಎಂದಳು.

ದರ್ಜಿಯ ಕಾಲು ಮಷಿನ್ನಿನ ಪೆಡಲಿನ ಮೇಲೆ ನಿಂತುಬಿಟ್ಟಿತು. ಅವನೂ ಗುಂಡಿಯ ವಯಸ್ಸಿನಲ್ಲಿ ಅದೇ ಬೋರ್ಡಿಂಗಿಗೆ ಹೋದವನು. ಉದ್ದನೆಯ ಕೋಣೆ, ಸಾಲು ಕಬ್ಬಿಣದ ಮಂಚ, ಅದರ ಕೆಳಗೊಂದು ಟ್ರಂಕು. ಕಾಲರಿನ ಒಳಗೆ ಹೊಲಿದ ನಂಬರು. ಆ ನಂಬರನ್ನು ಅವನು ವಾರವಾರವೂ ಬಿಚ್ಚಿಹಾಕುತ್ತಿದ್ದ, ಮೇಟ್ರನ್ ವಾರವಾರವೂ ಹೊಲಿಸುತ್ತಿದ್ದಳು, ಅದೂ ಅವನ ಕೈಯಲ್ಲೇ. ದರ್ಜಿಕೆ ಕಲಿತದ್ದು ಹಾಗೆ. ಅಲ್ಲಿ ಅವನಿಗೆ ಯಾರೂ ಹೊಡೆಯಲಿಲ್ಲ, ಹಸಿವಿಗೂ ಬಿಡಲಿಲ್ಲ. ಆದರೆ ಮನೆಯಲ್ಲಿ ಅಮ್ಮ ಬಟಾಣಿ ಸುಲಿಯುತ್ತ ಬೈಬಲ್ ಕಥೆ ಹೇಳುತ್ತಿದ್ದಳು. ಅಲ್ಲಿ ಗಂಟೆ ಹೊಡೆಯುತ್ತಿತ್ತು. ವ್ಯತ್ಯಾಸ ಅಷ್ಟೇ. ಅಷ್ಟನ್ನೇ ಅವನು ಜೀವಮಾನವಿಡೀ ಮರೆಯಲಿಲ್ಲ.

“ಕಳಿಸಲ್ಲ ಅಕ್ಕ. ನಾನೇ ಕಲಿಸ್ತೀನಿ.”

“ನೀನಾ? ಲೋ, ನಿನಗೆ ಭಾಗಾಕಾರ ಬರೋಕೆ ಮುಂಚೆ ಮೀಸೆ ಬಂತು!”

“ಗಣಿತ ಇವಳು ನೋಡ್ಕೋತಾಳೆ. ಬೈಬಲ್, ಭೂಗೋಳ, ವಿಜ್ಞಾನ, ಓದು ಬರಹ ನಂದು.”

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿದಳು. ಅವಳು ಕನ್ನಡಕ ಒರೆಸಿದರೆ ತೀರ್ಪು ಬರುತ್ತದೆಂದು ಅರ್ಥ. “ಒಂದು ವರ್ಷ ಕೊಟ್ಟೆ. ವರ್ಷ ತುಂಬಿದ ಮೇಲೆ ನಾನೇ ಪರೀಕ್ಷೆ ತಗೋತೀನಿ. ದೇವರ ವಾಕ್ಯ ನೆಟ್ಟಗೆ ಕಲಿತಿಲ್ಲ ಅಂದ್ರೆ ನಾಲ್ವರೂ ಬೋರ್ಡಿಂಗಿಗೆ. ಆಗ ಕಣ್ಣೀರು ಹಾಕಬಾರದು.”

“ಮಕ್ಕಳಾ?”

“ನೀನು.”

ಜಂಬದ ಮಾತು ಹುಟ್ಟಿದ್ದು ಆ ಮಧ್ಯಾಹ್ನ, ಅಕ್ಕ ಬಾಗಿಲು ದಾಟಿದ ಮೇಲೆ. ಎದುರಿಗಿದ್ದಾಗ ಹೇಳುವ ಧೈರ್ಯ ಇರಲಿಲ್ಲ.

ಯೋಜನೆ ಹಾಕಲು ಕಾಗದ ಹುಡುಕುತ್ತ ಕೂರುವ ಜಾಯಮಾನ ಅವನದಲ್ಲ. ಕತ್ತರಿಸುವ ಮೇಜಿನ ಮೇಲೇ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಇಡೀ ವರ್ಷವನ್ನು ಬರೆದ. ವಾರದ ಆರು ದಿನ ಎಂದರೆ ಸೃಷ್ಟಿಯ ಆರು ದಿನ. ಸೋಮವಾರ ಬೆಳಕು, ನೆರಳು, ಕನ್ನಡಿ, ಕಾಮನಬಿಲ್ಲಿನ ಪಾಠ. ಮಂಗಳವಾರ ಆಕಾಶ, ಮೋಡ, ಗಾಳಿ. ಬುಧವಾರ ಭೂಮಿ ಮತ್ತು ಸಮುದ್ರ, ಅಂದರೆ ಭೂಗೋಳ. ಹೀಗೆ ಶನಿವಾರ ಪ್ರಾಣಿಗಳೂ ಮನುಷ್ಯನೂ ಬರುವ ಹೊತ್ತಿಗೆ ಮೇಜು ತುಂಬಿತ್ತು. ಭಾನುವಾರ ಆರಾಧನೆ, ವಿಶ್ರಾಂತಿ. ಪ್ರತಿದಿನದ ಮೊದಲ ಪಾಠ ಒಂದು ಬೈಬಲ್ ಕಥೆ.

ಯೋಜನೆಯೇನೋ ಸೊಗಸಾಗಿತ್ತು. ಆದರೆ ಮೇಜಿನ ಮೇಲೆ ಗಿರಾಕಿಗಳ ಬಟ್ಟೆಯನ್ನೂ ಹರಡಬೇಕಲ್ಲ? ಬಟ್ಟೆ ಎಳೆದಾಗಲೆಲ್ಲ ಒಂದೊಂದು ದಿನ ಅಳಿಸಿ ಹೋಗುತ್ತಿತ್ತು. ಬ್ಯಾಂಕಿನ ಗುಮಾಸ್ತರೊಬ್ಬರು ಪ್ಯಾಂಟು ತೊಟ್ಟು ಹೊರಟರೆ ಹಿಂಬದಿಯಲ್ಲಿ ಬುಧವಾರದ ಭೂಗೋಳವೂ ಹೊರಟಿತು. ಸಮುದ್ರಗಳ ಹೆಸರು ಮರೆತ ಯಾಕಯ್ಯ ಅವರ ಬೆನ್ನು ಹತ್ತಿ ಬ್ಯಾಂಕಿನವರೆಗೂ ಓದುತ್ತ ಹೋದ ಎಂದು ಬೀದಿಯಲ್ಲಿ ಮಾತಿದೆ.

ಕಷ್ಟ ಬಂದದ್ದು ವಯಸ್ಸಿನಿಂದ. ದೊಡ್ಡಮ್ಮಣ್ಣಿಗೆ ಹೇಳಿದರೆ ಗುಂಡಿಗೆ ತಲೆಬುಡ ತಿಳಿಯದು. ಗುಂಡಿಗೆ ಹೇಳಿದರೆ ದೊಡ್ಡಮ್ಮಣ್ಣಿ ಆಕಳಿಸುವಳು. ನಾಲ್ವರಿಗೂ ಬೇರೆ ಬೇರೆ ಹೇಳಿದರೆ ಅಂಗಡಿಗೆ ಬೀಗ ಹಾಕಬೇಕು. ಹೆಂಡತಿಯೇನೋ ಅಡುಗೆಮನೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಗಣಿತ ಹೇಳುತ್ತಿದ್ದಳು. ಒಬ್ಬರಿಗೆ ಭಿನ್ನರಾಶಿ, ಇನ್ನೊಬ್ಬರಿಗೆ ಮಗ್ಗಿ, ಗುಂಡಿಗೆ ಚಮಚ ಎಣಿಸುವ ಕೆಲಸ. ಅವಳ ಪದ್ಧತಿ ನಿಧಾನ. ದರ್ಜಿಗೆ ನಿಧಾನ ಎಂದರೆ ಆಗದು.

ಅವನ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ನೀಲಿ ಕೋಟಿನ ಮೇಲೆ ಬಿತ್ತು. ದೊಡ್ಡಮ್ಮಣ್ಣಿಗೆಂದು ಹೊಲಿದದ್ದು. ಅವಳಿಗೆ ಬಿಗಿಯಾದಾಗ ಯಾಕಯ್ಯನಿಗೆ ಇಳಿಯಿತು, ತೋಳು ಮಡಿಸಿ ಗುಬ್ಬಿಗೆ ಇಳಿಯಿತು, ಈಗ ಸೊಂಟ ಹಿಡಿದು ಗುಂಡಿಗೆ ತಯಾರಾಗುತ್ತಿತ್ತು. ಆ ಮನೆಯಲ್ಲಿ ಯಾವ ಬಟ್ಟೆಯೂ ನೇರವಾಗಿ ಗುಂಡಿಯ ಮೈಮೇಲೆ ಬಂದದ್ದಿಲ್ಲ.

“ಸಿಕ್ತು ಕಣೇ!” ಎಂದು ಕೂಗಿದ. “ನಾನು ದೊಡ್ಡೋಳಿಗೆ ಮಾತ್ರ ಕಥೆ ಹೇಳ್ತೀನಿ. ಅವಳು ಯಾಕಯ್ಯನಿಗೆ ಹೇಳ್ತಾಳೆ, ಅವನು ಗುಬ್ಬಿಗೆ, ಗುಬ್ಬಿ ಗುಂಡಿಗೆ. ಅವರವರ ಅಳತೆಗೆ ಅವರವರೇ ಇಳಿಸಿ ಹೊಲ್ಕೋತಾರೆ. ಒಂದು ಪಾಠ, ನಾಲ್ಕು ಮಕ್ಕಳು!”

“ಬಟ್ಟೆ ಇಳೀತಾ ಇಳೀತಾ ಬಣ್ಣ ಹೋಗುತ್ತೆ ರೀ.”

“ಬಟ್ಟೆಗೆ ಹೋಗುತ್ತೆ, ವಾಕ್ಯಕ್ಕೆ ಹೋಗುತ್ತೇನೇ?”

ಹೆಂಡತಿ ಅಡುಗೆಮನೆಗೆ ಹೋದಳು. ಅವಳು ಹಾಗೆ ಎದ್ದು ಹೋದಳೆಂದರೆ ಒಪ್ಪಿದಳೆಂದಲ್ಲ, ನೀವೇ ನೋಡಿ ಎಂದು.

ಆ ವರ್ಷ ಆ ಮನೆ ಹೇಗಿತ್ತೆನ್ನುತ್ತೀರಿ! ಬೆಳಿಗ್ಗೆ ಚಿಕ್ಕದೊಂದು ಪ್ರಾರ್ಥನೆ, ಒಂದು ಹಾಡು. ದರ್ಜಿಯ ಶ್ರುತಿ ಒಂದು ದಿಕ್ಕಿಗೆ, ಮಕ್ಕಳದು ಮೂರು ದಿಕ್ಕಿಗೆ. ಆಮೇಲೆ ಅವನು ಮಷಿನ್ನು ತುಳಿಯುತ್ತ ದೊಡ್ಡಮ್ಮಣ್ಣಿಗೆ ಕಥೆ ಹೇಳುವನು. ಕಥೆಯಲ್ಲಿ ಯುದ್ಧ ಬಂದರೆ ಮಷಿನ್ನೂ ಓಡುವುದು, ಯಾರಾದರೂ ಸತ್ತರೆ ನಿಧಾನವಾಗುವುದು. ಒಮ್ಮೆ ಕೋಟೆಯ ಗೋಡೆ ಬೀಳುವ ಕಥೆಯ ಭರದಲ್ಲಿ ಒಬ್ಬರ ಅಂಗಿಯ ಎರಡೂ ತೋಳನ್ನು ಒಂದಕ್ಕೊಂದು ಸೇರಿಸಿ ಹೊಲಿದಿಟ್ಟ. ದೊಡ್ಡಮ್ಮಣ್ಣಿ ಕೇಳಿದ ಕಥೆಯನ್ನು ಮೆಟ್ಟಿಲ ಮೇಲೆ ಕೂತು ಯಾಕಯ್ಯನಿಗೆ ದಾಟಿಸುವಳು. ಅವನು ಕಿಟಕಿಯ ಕಟ್ಟೆಯ ಮೇಲೆ ಗುಬ್ಬಿಗೆ. ಮಧ್ಯಾಹ್ನದ ಹೊತ್ತಿಗೆ ಮೇಜಿನ ಕೆಳಗೆ, ಬಟ್ಟೆ ಚೂರುಗಳ ರಾಶಿಯ ನಡುವೆ, ಗುಬ್ಬಿ ತನ್ನ ಪಿಸುದನಿಯಲ್ಲಿ ಗುಂಡಿಗೆ ಹೇಳುತ್ತಿದ್ದಳು. ಮೇಲೆ ಕತ್ತರಿ ಕರಕರ ಎನ್ನುವುದು, ಕೆಳಗೆ ಕಥೆ ಗುಸುಗುಸು ಎನ್ನುವುದು. ಅಳತೆ ಕೊಡಲು ಬಂದವರು ಕೂಡ ಟೇಪು ಬಿಚ್ಚಿದ ಮೇಲೂ ಸುಮ್ಮನೆ ನಿಂತಿರುತ್ತಿದ್ದರು. ಹಿಂದೆಂದೋ ತಮ್ಮ ಮನೆಯಲ್ಲೂ ಹೀಗೊಂದು ಗುಸುಗುಸು ಇತ್ತೆಂದು ಅವರಿಗೆ ನೆನಪಾಗುತ್ತಿತ್ತೋ ಏನೋ.

ಕೊನೆಯ ಕೈಗೆ ಏನು ತಲುಪಿದೆಯೆಂದು ದರ್ಜಿ ಒಂದು ದಿನವೂ ಬಗ್ಗಿ ಕೇಳಲಿಲ್ಲ. ಹೊಲಿದ ಬಟ್ಟೆಯನ್ನು ಗಿರಾಕಿಗೆ ತೊಡಿಸಿ ನೋಡದೆ ಕಳಿಸಿದವನಲ್ಲ ಅವನು. ಪಾಠವನ್ನು ಮಾತ್ರ ಟ್ರಯಲ್ ನೋಡದೆ ಕಳಿಸಿಬಿಟ್ಟ.

ವರ್ಷ ತುಂಬಿತು. ಅಕ್ಕ ಬಂದಳು. ಮೇಜಿನ ಮೇಲಿನ ಬಟ್ಟೆಗಳನ್ನೆಲ್ಲ ತೆಗೆದು, ಒಂದು ಬದಿಗೆ ಅವಳಿಗೆ ಕುರ್ಚಿ ಹಾಕಿ, ಎದುರು ಬೆಂಚಿನ ಮೇಲೆ ನಾಲ್ವರನ್ನೂ ಕೂರಿಸಿದರು. ದರ್ಜಿ ಬಾಗಿಲ ಬಳಿ ನಿಂತಿದ್ದ. ಕೈಗೆ ಕೆಲಸವಿಲ್ಲದೆ ಟೇಪಿನಿಂದ ತನ್ನ ಕೊರಳನ್ನೇ ಅಳೆದುಕೊಳ್ಳುತ್ತಿದ್ದ.

ಗಣಿತ ಸಲೀಸಾಗಿ ಮುಗಿಯಿತು. ಗುಂಡಿ ಚಮಚಗಳನ್ನು ಎಣಿಸಿದ್ದಲ್ಲದೆ, ಒಂದು ಕಡಿಮೆಯಿದೆ, ಅದು ಗುಬ್ಬಿಯ ಜೇಬಿನಲ್ಲಿದೆ ಎಂಬುದನ್ನೂ ಹೇಳಿದ. ಹೆಡ್‌ಮಿಸ್ಟ್ರೆಸ್ “ಹೂಂ” ಎಂದಳು. ಮೂವತ್ತು ವರ್ಷದ ನೌಕರಿಯಲ್ಲಿ ಅವಳ ಬಾಯಿಂದ ಬಂದ ದೊಡ್ಡ ಹೊಗಳಿಕೆ ಅದು.

“ಈಗ ಸತ್ಯವೇದ. ದೊಡ್ಡ ಮೀನಿನ ಹೊಟ್ಟೆಯಲ್ಲಿದ್ದ ಪ್ರವಾದಿಯ ಕಥೆ. ಒಬ್ಬೊಬ್ಬರೇ ಹೇಳಿ.”

ದೊಡ್ಡಮ್ಮಣ್ಣಿ ಎದ್ದು ನಿಂತು ಅಚ್ಚುಕಟ್ಟಾಗಿ ಹೇಳಿದಳು. ದೇವರು ಪ್ರವಾದಿಯನ್ನು ದುಷ್ಟ ಪಟ್ಟಣಕ್ಕೆ ಕಳಿಸಿದ್ದು, ಅವನು ಬೇರೆ ದಿಕ್ಕಿನ ಹಡಗು ಹತ್ತಿದ್ದು, ಬಿರುಗಾಳಿ, ಸಮುದ್ರಕ್ಕೆ ಎಸೆದದ್ದು, ಮೀನು ನುಂಗಿದ್ದು, ಪ್ರಾರ್ಥನೆ, ದಡ, ಪಟ್ಟಣದವರ ಪಶ್ಚಾತ್ತಾಪ. ಒಂದು ಹೊಲಿಗೆಯೂ ತಪ್ಪಲಿಲ್ಲ. ದರ್ಜಿ ಎದೆಯುಬ್ಬಿಸಿದ.

ಯಾಕಯ್ಯನ ಕಥೆಯಲ್ಲಿ ಪ್ರವಾದಿ ಹಡಗು ಹತ್ತುವ ಮುಂಚೆ ದೇವರನ್ನು “ನಾನೇ ಯಾಕೆ?” ಎಂದು ಕೇಳಿದ. ಮೀನು ಪ್ರವಾದಿಯನ್ನು “ನನ್ನ ಹೊಟ್ಟೆಗೇ ಯಾಕೆ ಬಂದೆ?” ಎಂದು ಕೇಳಿತು. ಉತ್ತರ ಕೊಡದ್ದರಿಂದ ಉಗುಳಿತು. ದರ್ಜಿಯ ಎದೆ ಅರ್ಧ ಇಳಿಯಿತು.

ಗುಬ್ಬಿಯ ಕಥೆಯಲ್ಲಿ ಹಡಗಿನವರು ಅವನನ್ನು ಎಸೆದದ್ದು ಎಲ್ಲರ ಬ್ರೆಡ್ಡನ್ನೂ ಒಬ್ಬನೇ ತಿಂದಿದ್ದಕ್ಕೆ.

ಕೊನೆಗೆ ಗುಂಡಿ. ನೀಲಿ ಕೋಟಿನೊಳಗಿಂದ ತಲೆ ಮಾತ್ರ ಕಾಣುತ್ತಿತ್ತು.

“ಪ್ರವಾದಿಗೆ ತುಂಬಾ ಹಸಿವಾಯ್ತು ಅತ್ತೆ. ದೊಡ್ಡ ಮೀನು ಬಂತು. ಗುಳುಂ ಅಂತ ನುಂಗಿಬಿಟ್ಟ.”

“ಯಾರನ್ನ ಯಾರು?”

“ಪ್ರವಾದಿ, ಮೀನನ್ನ. ಮೂರು ದಿನ ಹೊಟ್ಟೆನೋವು. ಆಮೇಲೆ ಪಟ್ಟಣಕ್ಕೆ ಹೋಗಿ, ಎಲ್ಲರೂ ಕೈ ತೊಳ್ಕೊಂಡು ಊಟ ಮಾಡಿ ಅಂದ. ಎಲ್ಲರೂ ತೊಳ್ಕೊಂಡ್ರು. ಆಮೆನ್.”

ಅಂಗಡಿಯಲ್ಲಿ ಗುಂಡುಸೂಜಿ ಬಿದ್ದರೆ ಕೇಳಿಸುವಂಥ ಮೌನ. ಬಿದ್ದೂ ಬಿತ್ತು, ದರ್ಜಿಯ ಬಾಯಿಂದ.

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಲು ಶುರು ಮಾಡಿದಳು. ದರ್ಜಿಗೆ ನಾಲ್ಕು ಟ್ರಂಕುಗಳು ಕಣ್ಣ ಮುಂದೆ ಬಂದವು. ಗುಂಡಿಯದು ಎಲ್ಲಕ್ಕಿಂತ ಚಿಕ್ಕದು. ಅದರ ಮೇಲೆ ಕೂತು ಅಳುತ್ತಿದ್ದವನ ಮುಖ ಮಾತ್ರ ಗುಂಡಿಯದಾಗಿರಲಿಲ್ಲ.

“ಇದು ಪಾಠ ಅಲ್ಲ ಕಣೋ ತಮ್ಮ, ದೇವರ ವಾಕ್ಯಕ್ಕೆ ಮಾಡಿದ ಅವಮಾನ. ನಾಳೇನೇ...”

“ಅತ್ತೆ, ನಂದು ಇನ್ನೂ ಮುಗಿದಿಲ್ಲ,” ಎಂದ ಗುಂಡಿ.

“ಆಮೆನ್ ಅಂದ್ಯಲ್ಲೋ!”

“ಮರೆತಿದ್ದೆ. ಹೊಟ್ಟೆಯೊಳಗೆ ಕತ್ತಲೆ ಅಲ್ವಾ? ಮೀನಿಗೆ ಭಯ ಆಗಬಾರದು ಅಂತ ದೇವರು ಒಂದು ಚಿಕ್ಕ ದೀಪ ಇಟ್ಟ. ಬೆಳಗಾಗೋವರೆಗೂ ಆರದೇ ಇರೋ ದೀಪ.”

ಒರೆಸುತ್ತಿದ್ದ ಕೈ ನಿಂತಿತು.

“ಯಾರು ಹೇಳಿದ್ರು ದೀಪ ಅಂತ?”

“ಗುಬ್ಬಿ ಅಕ್ಕ.”

ಗುಬ್ಬಿ ಯಾಕಯ್ಯನನ್ನು ತೋರಿಸಿದಳು. ಯಾಕಯ್ಯ ದೊಡ್ಡಮ್ಮಣ್ಣಿಯನ್ನು ತೋರಿಸಿದ. “ದೀಪ ಯಾಕೆ ಅಂತ ನಾನೂ ಕೇಳಿದೆ ಅತ್ತೆ, ಸುಮ್ನಿರೋ ಅಂದ್ಲು.”

“ನೀನು ಹೇಳುವಾಗ ದೀಪ ಇರಲಿಲ್ಲವಲ್ಲ?” ಹೆಡ್‌ಮಿಸ್ಟ್ರೆಸ್ ಹಿರಿಯವಳ ಕಡೆ ತಿರುಗಿದಳು.

ದೊಡ್ಡಮ್ಮಣ್ಣಿ ತಲೆ ತಗ್ಗಿಸಿದಳು. “ಪುಸ್ತಕದಲ್ಲಿ ಓದಿ ನೋಡಿದೆ, ಅಲ್ಲಿಲ್ಲ. ಅದಕ್ಕೇ ಪರೀಕ್ಷೇಲಿ ಬಿಟ್ಟೆ. ಆದ್ರೆ ಅಪ್ಪ ಹೇಳೋದು ದೀಪ ಸೇರಿಸಿಯೇ.”

“ಇಲ್ಲ ಅಂದ್ರೆ?” ದರ್ಜಿ ಬಾಗಿಲಿನಿಂದ ಒಂದೇ ನೆಗೆತಕ್ಕೆ ಮೇಜಿನ ಬಳಿ ಬಂದ. “ಇದೆ ಕಣೇ! ಮೀನಿನ ಹೊಟ್ಟೆ, ಕತ್ತಲೆ, ದೀಪ. ಕೊಡಿಲ್ಲಿ ಪುಸ್ತಕ.”

ಪುಟ ತಿರುಗಿಸಿದ. ಹಿಂದೆ ತಿರುಗಿಸಿದ. ಪುಟಾಣಿ ಕಥೆ ಅದು, ಎಷ್ಟೆಂದು ಹುಡುಕುವುದು! ಬೆರಳಿಟ್ಟು ಸಾಲುಸಾಲಾಗಿ ಓದಿದ. ಬಿರುಗಾಳಿ ಇತ್ತು, ಸಮುದ್ರದ ಪಾಚಿ ಕೂಡ ಇತ್ತು. ದೀಪ ಇರಲಿಲ್ಲ. ಕಿವಿ ಕೆಂಪಗಾಯಿತು.

“ಜೇಬು ಕೊಡವಿ ನೋಡ್ರೀ,” ಎಂದಳು ಹೆಂಡತಿ ಮೆಲ್ಲಗೆ.

“ಅಮ್ಮ ಹಾಗೇ ಹೇಳ್ತಿದ್ಲಲ್ಲಕ್ಕ,” ಎಂದ ಅವನು. ಜಂಬವೆಲ್ಲ ಇಳಿದ ದನಿಯಲ್ಲಿ, ಹೆಚ್ಚುಕಡಿಮೆ ಗುಂಡಿಯ ದನಿಯಲ್ಲೇ. “ಬಟಾಣಿ ಸುಲೀತಾ. ನಾನು ಪುಸ್ತಕದಲ್ಲೇ ಇದೆ ಅಂದ್ಕೊಂಡಿದ್ದೆ, ಇಷ್ಟು ವರ್ಷ.”

ಹೆಡ್‌ಮಿಸ್ಟ್ರೆಸ್ ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಕನ್ನಡಕವಿಲ್ಲದ ಅವಳ ಮುಖವನ್ನು ಆ ಮಕ್ಕಳು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಅವರ ಅಪ್ಪನ ಮುಖದ ಹಾಗೇ ಇತ್ತು.

“ಪುಸ್ತಕದಲ್ಲಿಲ್ಲ ಕಣೋ. ಅದು ನನಗೋಸ್ಕರ ಇಟ್ಟ ದೀಪ. ನೀನಿನ್ನೂ ತೊಟ್ಟಿಲಲ್ಲಿದ್ದೆ. ಆ ಕಥೆ ಶುರು ಮಾಡಿದ್ರೆ ಮೀನಿನ ಹೊಟ್ಟೆ ಬಂದ ಕೂಡ್ಲೇ ನಾನು ಕತ್ತಲೆ ಕತ್ತಲೆ ಅಂತ ಕಿರುಚ್ತಿದ್ದೆ. ಒಂದಿನ ಅಮ್ಮ ಒಂದು ದೀಪ ಸೇರಿಸಿದ್ಲು. ಆಮೇಲೆ ನಿನಗೂ ಹಾಗೇ ಹೇಳಿದ್ಲು, ನೀನು ಭಯವೇ ಪಡ್ತಿರಲಿಲ್ಲ, ಆದ್ರೂ.” ಕನ್ನಡಕವನ್ನು ಮಡಚಿ ಮೇಜಿನ ಮೇಲಿಟ್ಟಳು. “ನನ್ನನ್ನೂ ಬೋರ್ಡಿಂಗಿಗೆ ಹಾಕಿದಾಗ, ರಾತ್ರಿ ಲೈಟ್ ಆರಿಸಿದ ಮೇಲೆ ಅದನ್ನೇ ಅಂದ್ಕೊಂಡು ಮಲಗ್ತಿದ್ದೆ. ಆಮೇಲೆ ಪುಸ್ತಕ ನೆಟ್ಟಗೆ ಓದೋಕೆ ಕಲಿತೆ, ಬಿಟ್ಟುಬಿಟ್ಟೆ. ಅಮ್ಮ ಹೋದ ಮೇಲೆ ಆ ಮಾತು ಯಾರ ಬಾಯಲ್ಲೂ ಕೇಳಿರಲಿಲ್ಲ.”

ನಾಲ್ಕು ಕೈ ದಾಟಿ ಬಂದ ಕಥೆಯಲ್ಲಿ ಹಡಗು ಮುಳುಗಿತ್ತು, ಪಟ್ಟಣ ಕಳೆದಿತ್ತು, ಪ್ರವಾದಿಯೇ ಮೀನನ್ನು ನುಂಗಿದ್ದ. ಬೈಬಲಿನಲ್ಲಿದ್ದದ್ದೆಲ್ಲ ಉದುರಿ, ಬೈಬಲಿನಲ್ಲಿಲ್ಲದ್ದೊಂದು ಮಾತ್ರ ಹಾಗೇ ಉಳಿದಿತ್ತು. ದರ್ಜಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಕೆಮ್ಮು ಬಂತು.

“ಅತ್ತಿಗೆ, ಟೀ ಆರ್ತಾ ಇದೆ,” ಎಂದಳು ಹೆಂಡತಿ.

ಟೀ ಕುಡಿದ ಮೇಲೆ ಹೆಡ್‌ಮಿಸ್ಟ್ರೆಸ್ ಕತ್ತರಿಗಳನ್ನೆಲ್ಲ ಆಚೆ ಸರಿಸಿ, ದರ್ಜಿಯ ಸೀಮೆಸುಣ್ಣದ ತುಂಡು ಕೇಳಿ ತೆಗೆದುಕೊಂಡು ಮೇಜಿನ ಮೇಲೆ ಬರೆಯುತ್ತ ಹೇಳಿದಳು. “ಬೋರ್ಡಿಂಗ್ ಮಾತು ಮುಂದಿನ ವರ್ಷ ನೋಡೋಣ. ಆದ್ರೆ ಈ ಇಳಿಸೋ ವ್ಯಾಪಾರ ಇವತ್ತಿಗೆ ಬಂದ್. ಕೋಟು ಇಳಿಸು, ಪಾಠ ಇಳಿಸಬೇಡ. ನಾಲ್ವರೂ ಒಟ್ಟಿಗೆ ಈ ಮೇಜಿನ ಸುತ್ತ ಕೂತ್ಕೋಬೇಕು. ಓದೋದು ಪುಸ್ತಕದಿಂದ, ನಿನ್ನ ಬಾಯಿಂದ ಅಲ್ಲ. ದೊಡ್ಡೋಳು ಓದಿ ಬರೀಲಿ. ಇವನು ಯಾಕೆ ಅಂತ ಕೇಳಲಿ, ಉತ್ತರ ಪುಸ್ತಕದಲ್ಲೇ ಹುಡುಕಲಿ. ಗುಬ್ಬಿ ಚಿತ್ರ ಬಿಡಿಸಲಿ, ತಿನ್ನೋದನ್ನ ಬಿಟ್ಟು. ಕೊನೆಗೆ ಗುಂಡಿ ತನ್ನ ಮಾತಲ್ಲಿ ಹೇಳಲಿ, ತಪ್ಪಿದ್ರೆ ಅಲ್ಲೇ ತಿದ್ದಿ.”

“ದೀಪ?” ಎಂದ ಗುಂಡಿ ಗಾಬರಿಯಿಂದ.

“ಪುಸ್ತಕದಲ್ಲಿರೋದು ಪುಸ್ತಕದಲ್ಲಿದೆ ಅಂತ ಹೇಳು. ಅಜ್ಜಿ ಹೇಳಿದ್ದು ಅಜ್ಜಿ ಹೇಳಿದ್ದು ಅಂತ ಹೇಳು. ಎರಡನ್ನೂ ಹೇಳಬಹುದು, ಬೆರೆಸಬಾರದು.”

ಗುಂಡಿ ತಲೆಯಾಡಿಸಿದ. ಅವನಿಗೆ ಪೂರ್ತಿ ಅರ್ಥವಾಗದಿದ್ದರೂ ದೀಪ ಉಳಿಯಿತೆಂಬುದು ಅರ್ಥವಾಗಿತ್ತು.

ಹೆಡ್‌ಮಿಸ್ಟ್ರೆಸ್ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಹೊಸ್ತಿಲಿನ ಮೇಲೆ ಏನೋ ಬಿದ್ದಿದೆ ಎಂಬಂತೆ ಕೆಳಗೆ ನೋಡುತ್ತ, “ನೋಡೋ ತಮ್ಮ, ಮನೆಯಲ್ಲಿ ಒಬ್ಬಳೇ ಕೂತು ನನಗೂ ಹೊತ್ತು ಹೋಗಲ್ಲ. ಬೆಳಿಗ್ಗೆ ಹೊತ್ತು ನಾನೂ ಬಂದು ಈ ಮೇಜಿಗೆ ಕೂತ್ಕೋಬಹುದಲ್ವಾ?” ಎಂದಳು.

ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡು, ಅವಳನ್ನು ತಲೆಯಿಂದ ಪಾದದವರೆಗೆ ಅಳೆಯುವವನ ಹಾಗೆ ನೋಡಿದ. “ಬರಬಹುದಕ್ಕ, ಸೀಟು ಖಾಲಿ ಇದೆ. ಆದ್ರೆ ಪ್ರವೇಶ ಪರೀಕ್ಷೆ ಇರುತ್ತೆ. ತಗೊಳ್ಳೋನು ಗುಂಡಿ. ಅವನು ತುಂಬಾ ಸ್ಟ್ರಿಕ್ಟು, ಬರೋ ಮುಂಚೆ ಕೈ ತೊಳ್ಕೊಂಡು ಬಾ.”